ನಕ್ಷೆಯ ಅಕ್ಷದ ಮೇಲೆ ಕನ್ನಡ: ಹಳೆಯ ವೆಕ್ಟರ್ ಫಾಂಟ್‌ಗಳನ್ನು ಕುರಿತು ಒಂದು ವಿಮರ್ಶೆ

ವಿದ್ಯಾರ್ಥಿಯೊಬ್ಬ ನಕ್ಷೆ ಬರೆದು ತಂದಾಗ ಅಧ್ಯಾಪಕರಾದ ನಾವು ಮೊದಲು ನೋಡುವುದು ಏನನ್ನು? ಅಕ್ಷಗಳ ಮೇಲೆ ಏನು ಬರೆದಿದ್ದಾನೆ ಎಂಬುದನ್ನು. ಪರಿಮಾಣದ ಹೆಸರು ಮತ್ತು ಮಾನ ಇಲ್ಲದ ನಕ್ಷೆ ಎಷ್ಟೇ ಅಂದವಾಗಿದ್ದರೂ ಅದು ಬರಿಯ ಗೆರೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಥ ನಕ್ಷೆಗೆ ನಾನು ಪೂರ್ಣ ಅಂಕ ಕೊಟ್ಟದ್ದಿಲ್ಲ. ಆದರೆ ಕೆಲವು ವರ್ಷಗಳ ಹಿಂದೆ ನನ್ನ ಮುಂದೆಯೇ ಒಂದು ನಕ್ಷೆ ತಯಾರಾಯಿತು. ಅದರ ಅಕ್ಷಗಳ ಮೇಲೆ ಹೆಸರಿತ್ತು, ಮಾನವಿತ್ತು. ಆದರೂ ಅದು ಯಾರಿಗಾಗಿ ತಯಾರಾಗಿತ್ತೋ ಅವರ ಪಾಲಿಗೆ ಬರಿಯ ಗೆರೆಯಾಗಿಯೇ ಉಳಿಯಿತು.

ಸಂಗತಿ ಇಷ್ಟು. ನಮ್ಮ ಕಡೆಯ ಪ್ರೌಢಶಾಲೆಯೊಂದರ ಮಕ್ಕಳು ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳಲ್ಲಿ ಒಂದೊಂದು ಹಳ್ಳಿಯ ಕೊಳವೆ ಬಾವಿಯ ನೀರನ್ನು ಬಾಟಲಿಯಲ್ಲಿ ತುಂಬಿ ತಂದರು. ನೀರಿನಲ್ಲಿರುವ ಫ್ಲೋರೈಡ್ ಪ್ರಮಾಣವನ್ನು ಅಳೆಯುವುದು ಅವರ ಯೋಜನೆ. ಈ ಬಯಲುಸೀಮೆಯಲ್ಲಿ ಅದು ಪುಸ್ತಕದ ವಿಷಯವಲ್ಲ; ಕಂದು ಕಲೆಯ ಹಲ್ಲುಗಳನ್ನು ಪ್ರತಿ ತರಗತಿಯಲ್ಲೂ ಕಾಣಬಹುದು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಮೀರಬಾರದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಮಾತ್ರ ಒಪ್ಪಬಹುದು. ಮಕ್ಕಳು ಅಳೆದರು. ಮಾರ್ಗದರ್ಶಿ ಶಿಕ್ಷಕರು ಪೈಥಾನ್ ಭಾಷೆಯ ಒಂದು ಪುಟ್ಟ ಪ್ರೋಗ್ರಾಮಿನಿಂದ ನಾಲ್ಕು ಕಂಬಗಳ ನಕ್ಷೆ ಬರೆಸಿದರು. ಕಂಬಗಳ ಕೆಳಗೆ ತಾಲ್ಲೂಕಿನ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿದರೆ ಬಂದದ್ದು ಖಾಲಿ ಚೌಕಗಳ ಸಾಲು. ಕನ್ನಡ ಫಾಂಟಿನ ಹೆಸರು ಕೊಟ್ಟ ಮೇಲೆ ಚೌಕ ಹೋಗಿ ಅಕ್ಷರ ಬಂತು. ಆದರೆ 'ಶ್ರೀ' ಎಂಬುದು ಶಕಾರ, ಅರ್ಧಾಕ್ಷರದ ಚಿಹ್ನೆ, ರಕಾರ, ದೀರ್ಘ ಎಂದು ಬಿಡಿಬಿಡಿಯಾಗಿ ನಿಂತಿತ್ತು. ಹೊತ್ತಾಗಿತ್ತು. ಶಿಕ್ಷಕರು ಎಲ್ಲವನ್ನೂ ಇಂಗ್ಲಿಷಿಗೆ ಬದಲಾಯಿಸಿ ಮುದ್ರಿಸಿದರು.

ಆ ನಕ್ಷೆಯನ್ನು ಒಂದು ಗ್ರಾಮ ಪಂಚಾಯಿತಿಯ ಗೋಡೆಗೆ ಅಂಟಿಸಿದಾಗ ನಾನೂ ಇದ್ದೆ. ನೋಡಲು ಬಂದ ತಾಯಿಯೊಬ್ಬರು ಎತ್ತರದ ಕಂಬಗಳನ್ನೆಲ್ಲ ದಿಟ್ಟಿಸಿ ಕೇಳಿದರು: "ಇದ್ರಲ್ಲಿ ನಮ್ದು ಯಾವ್ದು ಸಾರ್?" ಆಕೆಗೆ ಕನ್ನಡ ಓದಲು ಚೆನ್ನಾಗಿ ಬರುತ್ತಿತ್ತು.

ಆ ಪ್ರಶ್ನೆಯೇ ಈ ಬರಹಕ್ಕೆ ಕಾರಣ. ನಕ್ಷೆ ಬರೆಯುವ ತಂತ್ರಾಂಶಗಳು ಅಕ್ಷರಗಳನ್ನು ನಡೆಸಿಕೊಳ್ಳುವ ರೀತಿಯನ್ನು ಪರಿಶೀಲಿಸುತ್ತ ಹೋದಂತೆ ನಾನು ಬಂದು ನಿಂತದ್ದು 1967ರಲ್ಲಿ. ಅಂದು ಹುಟ್ಟಿದ ಒಂದು ಅಕ್ಷರಮಾಲೆ ಈಗಲೂ ಈ ತಂತ್ರಾಂಶಗಳೊಳಗೆ ಜೀವಂತವಾಗಿದೆ. ಅದನ್ನು ಉಳಿಸಬೇಕೆ, ಕೈಬಿಡಬೇಕೆ? ಉತ್ತರ ಹೇಳುವ ಮೊದಲು ಅದು ಏನೆಂದು ನೋಡೋಣ.

ಗೆರೆಗಳಿಂದಾದ ಅಕ್ಷರ

ಅಲನ್ ಹರ್ಷಿ ಎಂಬ ಭೌತವಿಜ್ಞಾನಿ ಅಮೆರಿಕದ ವರ್ಜೀನಿಯ ರಾಜ್ಯದ ಡಾಲ್‌ಗ್ರೆನ್‌ನಲ್ಲಿದ್ದ ನೌಕಾಪಡೆಯ ಶಸ್ತ್ರಾಸ್ತ್ರ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಿದ್ದರು. ಆಗ ಗಣಕದ ಫಲಿತಾಂಶವನ್ನು ಚಿತ್ರವಾಗಿ ಪಡೆಯಲು ಇದ್ದ ಸಾಧನಗಳು ಗೆರೆ ಎಳೆಯುವ ಯಂತ್ರಗಳು. ಕೆಲವು ಕಾಗದದ ಮೇಲೆ ಪೆನ್ನನ್ನು ಓಡಿಸುತ್ತಿದ್ದವು. ಕೆಲವು ಎಲೆಕ್ಟ್ರಾನ್ ಕಿರಣದಿಂದ ಪರದೆಯ ಮೇಲೆ ಬರೆದು ಅದನ್ನು ಫಿಲ್ಮಿಗೆ ಇಳಿಸುತ್ತಿದ್ದವು. ಗೆರೆ ಎಳೆಯುವ ಯಂತ್ರದಿಂದ ಅಕ್ಷರ ಬರೆಸಬೇಕಾದರೆ ಅಕ್ಷರವನ್ನೂ ಗೆರೆಗಳಾಗಿಯೇ ಹೇಳಬೇಕು. ಹರ್ಷಿ ಮಾಡಿದ್ದು ಅದನ್ನೇ. 1967ರಲ್ಲಿ ಅವರು ಪ್ರಕಟಿಸಿದ 'ಕ್ಯಾಲಿಗ್ರಫಿ ಫಾರ್ ಕಂಪ್ಯೂಟರ್ಸ್' ಎಂಬ ವರದಿಯಲ್ಲಿ ರೋಮನ್, ಗ್ರೀಕ್, ರಷ್ಯನ್ ಅಕ್ಷರಗಳು, ಹಳೆಯ ಜರ್ಮನ್ ಶೈಲಿಯ ಅಕ್ಷರಗಳು, ಗಣಿತ, ಖಗೋಳ, ಸಂಗೀತ ಮತ್ತು ಭೂಪಟಗಳ ಚಿಹ್ನೆಗಳು ಇದ್ದವು. ಜಪಾನಿ ಭಾಷೆಯ ಎರಡು ಅಕ್ಷರಮಾಲೆಗಳೂ ಆ ಭಾಷೆ ಬಳಸುವ ಆರುನೂರಕ್ಕೂ ಹೆಚ್ಚು ಚೀನೀ ಮೂಲದ ಅಕ್ಷರಗಳೂ ಇದ್ದವು.

ಒಂದು ಅಕ್ಷರವನ್ನು ಬಿಡಿಸಿ ನೋಡಿದರೆ ಉಪಾಯ ತಿಳಿಯುತ್ತದೆ. ಹರ್ಷಿ ಪಟ್ಟಿಯಲ್ಲಿ 501ನೆಯದು ಇಂಗ್ಲಿಷಿನ ದೊಡ್ಡ 'ಎ'. ಅದರ ವಿವರಣೆಯಲ್ಲಿ ಇರುವುದು ಮೂರೇ ಗೆರೆ. ಮೊದಲನೆಯದು (0, -12) ಬಿಂದುವಿನಿಂದ (-8, 9)ಕ್ಕೆ. ಎರಡನೆಯದು (0, -12)ರಿಂದ (8, 9)ಕ್ಕೆ. ಮೂರನೆಯದು, ಅಂದರೆ ನಡುವಿನ ಅಡ್ಡಗೆರೆ, (-5, 2)ರಿಂದ (5, 2)ಕ್ಕೆ. ಇಲ್ಲಿ ವೈ ನಿರ್ದೇಶಾಂಕ ಕೆಳಮುಖವಾಗಿ ಹೆಚ್ಚುತ್ತದೆ ಎಂಬುದನ್ನು ಗಮನಿಸಿ. ಒಂದು ಗೆರೆ ಮುಗಿದಾಗ 'ಪೆನ್ನು ಎತ್ತು' ಎಂಬ ಸೂಚನೆ ಇರುತ್ತದೆ. ಅಕ್ಷರ -9ರಿಂದ 9ರವರೆಗೆ 18 ಮಾನಗಳಷ್ಟು ಜಾಗ ಪಡೆಯುತ್ತದೆ. ಮುಂದಿನ ಅಕ್ಷರ ಅದರಾಚೆ ಶುರುವಾಗುತ್ತದೆ. ಇಷ್ಟೇ.

ನಕ್ಷಾಹಾಳೆಯ ಮೇಲೆ ಇದನ್ನು ನೀವೇ ಬರೆದು ನೋಡಿ. ಇಳಿಜಾರು ಗೆರೆಯು ವೈ ಬೆಲೆ 2 ಆದಾಗ ಕೇಂದ್ರದಿಂದ 5.33 ಮಾನ ದೂರದಲ್ಲಿರಬೇಕು. ಹರ್ಷಿ ಅದನ್ನು 5 ಎಂದು ಪೂರ್ಣಾಂಕ ಮಾಡಿದ್ದಾರೆ. ಅಕ್ಷರ ಚಿಕ್ಕದಾಗಿದ್ದಾಗ ಕಣ್ಣಿಗೆ ಆ ವ್ಯತ್ಯಾಸ ಕಾಣುವುದಿಲ್ಲ. ಮುಂದೆ ಈ ಅಕ್ಷರಗಳು ಗಣಕದಿಂದ ಗಣಕಕ್ಕೆ ಹರಡಿದಾಗ ಪ್ರತಿ ನಿರ್ದೇಶಾಂಕವನ್ನೂ ಒಂದೊಂದು ಇಂಗ್ಲಿಷ್ ಅಕ್ಷರವಾಗಿ ಬರೆದಿಟ್ಟರು. 'ಆರ್' ಎಂದರೆ ಸೊನ್ನೆ, ಅದರ ಮುಂದಿನ 'ಎಸ್' ಎಂದರೆ 1, ಹಿಂದಿನ 'ಕ್ಯೂ' ಎಂದರೆ -1. ಇಡೀ ಅಕ್ಷರಮಾಲೆ ಒಂದು ಸಣ್ಣ ಪಠ್ಯ ಕಡತದಲ್ಲಿ ಹಿಡಿಯಿತು.

ಉಳಿಸಿಕೊಳ್ಳಲು ಕಾರಣಗಳಿವೆ

ಇಂಥ ಹಳೆಯದನ್ನು ಏಕೆ ಇಟ್ಟುಕೊಳ್ಳಬೇಕು ಎಂದು ಕೇಳುವವರಿದ್ದಾರೆ. ಅವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ.

ಮೊದಲನೆಯದಾಗಿ, ಗೆರೆಯ ಅಕ್ಷರ ಗಣಿತಕ್ಕೆ ವಿಧೇಯ. ದೊಡ್ಡದು ಮಾಡಬೇಕೆ? ಎಲ್ಲ ನಿರ್ದೇಶಾಂಕಗಳನ್ನೂ ಒಂದೇ ಸಂಖ್ಯೆಯಿಂದ ಗುಣಿಸಿ. ಲಂಬ ಅಕ್ಷದ ಉದ್ದಕ್ಕೂ ತಿರುಗಿಸಿ ಬರೆಯಬೇಕೆ? ಎರಡು ನಿರ್ದೇಶಾಂಕಗಳನ್ನು ಅದಲುಬದಲು ಮಾಡಿ ಒಂದರ ಚಿಹ್ನೆ ಬದಲಿಸಿ. ವಕ್ರರೇಖೆಯನ್ನು ಎಳೆಯುವ ಅದೇ ಆದೇಶ ಅಕ್ಷರವನ್ನೂ ಎಳೆಯುತ್ತದೆ. ಎರಡನೆಯದಾಗಿ, ಈ ಅಕ್ಷರಗಳು ತಂತ್ರಾಂಶದ ಒಳಗೇ ಇರುತ್ತವೆ. ಗಣಕದಲ್ಲಿ ಫಾಂಟ್ ಇಲ್ಲ ಎಂಬ ತಕರಾರು ಬರುವುದೇ ಇಲ್ಲ. ಪರದೆ, ಪೆನ್ನಿನ ಯಂತ್ರ, ಮುದ್ರಕ ಯಾವುದೇ ಇರಲಿ, ಅಕ್ಷರ ಅದೇ ಜಾಗದಲ್ಲಿ, ಅದೇ ಅಗಲದಲ್ಲಿ ಬರುತ್ತದೆ.

ಮೂರನೆಯ ಕಾರಣ ಇನ್ನೂ ಮುಖ್ಯ: ಹಳೆಯ ನಕ್ಷೆಯನ್ನು ಮತ್ತೆ ಬರೆಯುವ ಅಗತ್ಯ. ಕ್ಯಾಲ್‌ಟೆಕ್ ಸಂಸ್ಥೆಯ ಟಿಮ್ ಪಿಯರ್ಸನ್ 1983ರ ಸುಮಾರಿಗೆ ಆರಂಭಿಸಿದ ಪಿಜಿಪ್ಲಾಟ್ ಎಂಬ ತಂತ್ರಾಂಶವನ್ನು ಖಗೋಳವಿಜ್ಞಾನಿಗಳ ಒಂದು ಪೀಳಿಗೆಯೇ ಬಳಸಿತು. ಅದರ ಅಕ್ಷರಗಳೆಲ್ಲ ಹರ್ಷಿಯವು. ಐಡಿಎಲ್ ಎಂಬ ಇನ್ನೊಂದರಲ್ಲೂ ಅವೇ. ಘಾತಾಂಕವನ್ನು ಮೇಲೆ ಬರೆಯಲು, ಗ್ರೀಕ್ ಅಕ್ಷರಕ್ಕೆ ಹೊರಳಲು ಪ್ರತಿಯೊಂದರದೂ ಒಂದೊಂದು ಗುಟ್ಟಿನ ಭಾಷೆ. ಪಿಜಿಪ್ಲಾಟ್‌ನಲ್ಲಿ ಹಿಂದಕ್ಕೆ ವಾಲಿದ ಗೆರೆಯ ಮುಂದೆ 'ಜಿ' ಬರೆದರೆ ಗ್ರೀಕ್. ಐಡಿಎಲ್‌ನಲ್ಲಿ ಆಶ್ಚರ್ಯಸೂಚಕ ಚಿಹ್ನೆಯ ಮುಂದೆ 4. ಪಿಎಲ್‌ಪ್ಲಾಟ್ ಎಂಬ ಮತ್ತೊಂದರಲ್ಲಿ ಹ್ಯಾಷ್ ಚಿಹ್ನೆಯ ಮುಂದೆ 'ಜಿ'. ಇಂಥ ಸೂಚನೆಗಳಿರುವ ಸಾವಿರಾರು ಪ್ರೋಗ್ರಾಮುಗಳು ಸಂಶೋಧಕರ ಕಪಾಟಿನಲ್ಲಿವೆ. ಹೊಸ ತಂತ್ರಾಂಶ ಆ ಭಾಷೆಯನ್ನು ಮರೆತರೆ ಅಷ್ಟೂ ನಕ್ಷೆಗಳ ಅಕ್ಷಗಳು ಮೂಕವಾಗುತ್ತವೆ.

ಕೋಲಾರದವರಿಗೆ ಇದರ ಬೆಲೆ ಬೇಗ ತಿಳಿಯುತ್ತದೆ. ಮುಳಬಾಗಿಲಿನಿಂದ ದೂರವಲ್ಲದ ಚಿನ್ನದ ಗಣಿಗಳಲ್ಲಿ 1950ರ ದಶಕದಿಂದ ವಿಶ್ವಕಿರಣಗಳ ಅಧ್ಯಯನ ನಡೆಯಿತು. ಆಳ ಹೆಚ್ಚಿದಂತೆ ಮ್ಯೂಆನ್ ಕಣಗಳ ಸಂಖ್ಯೆ ಹೇಗೆ ಕುಸಿಯುತ್ತದೆ ಎಂದು ತೋರಿಸುವ ವಕ್ರರೇಖೆ ಇಲ್ಲಿಯ ದೊಡ್ಡ ಕೊಡುಗೆಗಳಲ್ಲಿ ಒಂದು. 1965ರಲ್ಲಿ ನೆಲದಡಿಯಲ್ಲಿ ಸುಮಾರು 2.3 ಕಿ.ಮೀ. ಆಳದಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಒಸಾಕಾ ಮತ್ತು ಡರಮ್ ವಿಶ್ವವಿದ್ಯಾಲಯಗಳ ತಂಡ ವಾತಾವರಣದ ನ್ಯೂಟ್ರಿನೊಗಳ ಗುರುತನ್ನು ಕಂಡಿತು. ಪ್ರಯೋಗಗಳು 1992ರಲ್ಲಿ ನಿಂತವು; ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಆ ಆಳಕ್ಕೆ ಇನ್ನು ಯಾರೂ ಇಳಿದು ಅದೇ ಅಳತೆಯನ್ನು ಮತ್ತೆ ಮಾಡಲಾರರು. ಉಳಿದಿರುವುದು ಅಂಕಿಗಳು ಮತ್ತು ನಕ್ಷೆಗಳು. ಪ್ರಯೋಗವೇ ಹೋದ ಮೇಲೆ ನಕ್ಷೆಯೇ ಸಾಕ್ಷಿ. ಸಾಕ್ಷಿಯ ಮಾತು ನಮಗೆ ಅರ್ಥವಾಗುವಂತೆ ಇರಿಸಿಕೊಳ್ಳುವುದು ವಿಜ್ಞಾನದ ಕರ್ತವ್ಯ. ಆದ್ದರಿಂದ ಹಳೆಯ ಫಾಂಟ್‌ಗಳಿಗೆ ಆಸರೆ ಬೇಕು ಎಂಬ ಪಕ್ಷಕ್ಕೆ ನನ್ನ ಮತವಿದೆ.

ಪಿಜಿಪ್ಲಾಟ್‌ನ ಹೊಸ ಆವೃತ್ತಿಗಳು 2001ರ ನಂತರ ಬರಲಿಲ್ಲ. ಅದರ ಜಾಗಕ್ಕೆ ಗೀಜಾ ಎಂಬ ಹೊಸ ತಂತ್ರಾಂಶ ಬಂದಿದೆ. ಅದು ಹಳೆಯ ಪ್ರೋಗ್ರಾಮುಗಳ ಆದೇಶಗಳನ್ನು ಹಾಗೆಯೇ ಅರ್ಥಮಾಡಿಕೊಳ್ಳುತ್ತದೆ; ಅಕ್ಷರಗಳನ್ನು ಮಾತ್ರ ಇಂದಿನ ಫಾಂಟ್‌ಗಳಿಂದ ಬರೆಯುತ್ತದೆ. ಹಳೆಯದನ್ನು ಓದು, ಹೊಸದರಲ್ಲಿ ಬರೆ ಎಂಬ ಈ ನೀತಿ ನನಗೆ ಮಾದರಿಯಾಗಿ ಕಾಣುತ್ತದೆ.

ಕನ್ನಡ ಎಡವುವುದು ಎಲ್ಲಿ?

ಹರ್ಷಿಯ ಪಟ್ಟಿಯಲ್ಲಿ ಕನ್ನಡವಿಲ್ಲ. ಭಾರತದ ಯಾವ ಲಿಪಿಯೂ ಇಲ್ಲ. ನಮ್ಮ ಅಕ್ಷರಗಳನ್ನೂ ಗೆರೆಗಳಾಗಿ ಬರೆದು ಸೇರಿಸಿಬಿಟ್ಟರೆ ಸಾಲದೆ ಎಂದು ನೀವು ಕೇಳಬಹುದು. ನಾನೂ ಮೊದಲು ಹಾಗೆಯೇ ಯೋಚಿಸಿದ್ದೆ. ಎರಡು ಅನುಮಾನಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ಎರಡೂ ನಿಜವಾದ ಅಡ್ಡಿಗಳಲ್ಲ.

ಕನ್ನಡದ ಅಕ್ಷರಗಳು ದುಂಡು, ನೇರ ಗೆರೆಗಳಿಂದ ಬರೆಯಲಾಗದು ಎನ್ನುವುದು ಮೊದಲನೆಯದು. ಲೆಕ್ಕ ಮಾಡಿ ನೋಡಿ. ತ್ರಿಜ್ಯ 9 ಮಾನ ಇರುವ ವೃತ್ತವನ್ನು 8 ಭುಜಗಳ ಬಹುಭುಜದಿಂದ ತೋರಿಸಿದರೆ ಭುಜಕ್ಕೂ ವೃತ್ತಕ್ಕೂ ನಡುವಿನ ಗರಿಷ್ಠ ಅಂತರ ಸುಮಾರು 0.69 ಮಾನ. ಭುಜಗಳನ್ನು 16 ಮಾಡಿದರೆ ಅದು 0.17ಕ್ಕೆ ಇಳಿಯುತ್ತದೆ. ನಿರ್ದೇಶಾಂಕಗಳನ್ನು ಪೂರ್ಣಾಂಕ ಮಾಡುವಾಗ ಆಗುವ ತಪ್ಪೇ ಅರ್ಧ ಮಾನದವರೆಗೆ ಇರಬಹುದು. ಎಂದರೆ 'ಠ' ಅಕ್ಷರದ ವೃತ್ತಕ್ಕೆ ಹದಿನಾರು ತುಂಡುಗಳು ಧಾರಾಳವಾಗಿ ಸಾಕು.

ಕನ್ನಡದ ಅಕ್ಷರರೂಪಗಳ ಸಂಖ್ಯೆ ಹೆಚ್ಚು ಎನ್ನುವುದು ಎರಡನೆಯದು. ಅದು ನಿಜ. 34 ವ್ಯಂಜನಗಳಿಗೆ ಅನುಸ್ವಾರ, ವಿಸರ್ಗ ಸೇರಿ 15ರಂತೆ ಕಾಗುಣಿತವೇ 510. ಒಂದು ಒತ್ತಕ್ಷರ ಸೇರಿಸಿದರೆ 34ನ್ನು 34ರಿಂದ, ಮತ್ತೆ 15ರಿಂದ ಗುಣಿಸಿದಾಗ 17,340 ರೂಪಗಳು. ಇವುಗಳಲ್ಲಿ ಬಳಕೆಯಲ್ಲಿರುವುದು ಸ್ವಲ್ಪ ಭಾಗ ಮಾತ್ರ. ಆದರೆ ಆರುನೂರಕ್ಕೂ ಹೆಚ್ಚು ಚೀನೀ ಮೂಲದ ಅಕ್ಷರಗಳನ್ನು ಹರ್ಷಿ ಕೈಯಿಂದ ಗುರುತು ಹಾಕಿದ್ದರು ಎಂಬುದನ್ನು ಮರೆಯಬೇಡಿ. ಸಂಖ್ಯೆಯೊಂದೇ ತಡೆಯಲ್ಲ.

ನಿಜವಾದ ಅಡ್ಡಿ ಇರುವುದು ಒಂದು ಊಹೆಯಲ್ಲಿ. ಹರ್ಷಿ ಪದ್ಧತಿಯಲ್ಲಿ ಒಂದು ಸಂಕೇತಕ್ಕೆ ಒಂದು ಆಕಾರ. 'ಎ' ಪಕ್ಕದಲ್ಲಿ 'ಬಿ' ಬಂದರೂ 'ಸಿ' ಬಂದರೂ 'ಎ' ಬದಲಾಗದು. ಚೀನೀ ಅಕ್ಷರವೂ ಹಾಗೆಯೇ. ಎಷ್ಟೇ ಜಟಿಲವಾದರೂ ಒಂಟಿ. ಕನ್ನಡದಲ್ಲಿ ಅಕ್ಷರದ ಆಕಾರವನ್ನೂ ಕೆಲವೊಮ್ಮೆ ಸ್ಥಾನವನ್ನೂ ನಿರ್ಧರಿಸುವುದು ನೆರೆಯ ಅಕ್ಷರ. ಮಳೆಯ ನಕ್ಷೆಯ ಅಡ್ಡ ಅಕ್ಷಕ್ಕೆ ಬೇಕಾಗುವ 'ವರ್ಷ' ಎಂಬ ಪದವನ್ನು ತೆಗೆದುಕೊಳ್ಳಿ. ಗಣಕದಲ್ಲಿ ಅದು ವ, ರ, ಅರ್ಧಾಕ್ಷರ ಚಿಹ್ನೆ, ಷ ಎಂಬ ಕ್ರಮದ ನಾಲ್ಕು ಸಂಕೇತ. ಕಾಗದದ ಮೇಲೆ ಮಾತ್ರ ರಕಾರ ಅರ್ಕಾವತ್ತಾಗಿ ಷಕಾರದ ಆಚೆಗೆ ಹಾರಿ ಕುಳಿತುಕೊಳ್ಳುತ್ತದೆ. ಸಂಕೇತಗಳನ್ನು ಬಂದ ಹಾಗೆ ಒಂದರ ಪಕ್ಕ ಒಂದು ಬರೆಯುವ ತಂತ್ರಾಂಶಕ್ಕೆ ಈ ಪದವನ್ನು ಬರೆಯಲು ಸಾಧ್ಯವೇ ಇಲ್ಲ.

ಹೀಗಾಗಿ ಬರೆಯುವ ಮುನ್ನ ಒಂದು ಹೆಜ್ಜೆ ಬೇಕು: ಸಂಕೇತಗಳನ್ನು ಓದಿ, ಯಾವುದು ಯಾವುದರೊಡನೆ ಕೂಡುತ್ತದೆ, ಎಲ್ಲಿ ಕೂರುತ್ತದೆ ಎಂದು ತೀರ್ಮಾನಿಸುವ ಹೆಜ್ಜೆ. ಇದನ್ನು ಅಕ್ಷರ ಜೋಡಣೆ ಎನ್ನೋಣ. ಇಂದು ಈ ಕೆಲಸವನ್ನು ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ ಚೆನ್ನಾಗಿ ಮಾಡುತ್ತದೆ. ಲಿಬ್ರೆ ಆಫೀಸ್ ಮೊದಲಾದ ಅನೇಕ ತಂತ್ರಾಂಶಗಳ ಒಳಗೆ ಅದೇ ಇದೆ. ಹಾಗಾದರೆ ನಕ್ಷೆಯ ತಂತ್ರಾಂಶಗಳಲ್ಲಿ ಏಕೆ ತಡವಾಯಿತು? ಹರ್ಷಿ ಕಾಲದ ಊಹೆ ಫಾಂಟ್ ಬದಲಾದ ಮೇಲೂ ಅವುಗಳ ಮೂಳೆಯಲ್ಲಿ ಉಳಿದುಬಿಟ್ಟದ್ದರಿಂದ. ನನ್ನ ಆಕ್ಷೇಪ ಹಳೆಯ ಫಾಂಟಿನ ಮೇಲಲ್ಲ. ಈ ಹಳೆಯ ಊಹೆಯ ಮೇಲೆ.

ನಮ್ಮದೇ ಹಳೆಯ ಗಂಟು

ಇದೇ ತಪ್ಪನ್ನು ನಾವೂ ಮಾಡಿದ್ದೇವೆ ಎಂಬುದನ್ನು ಒಪ್ಪಿಕೊಳ್ಳಬೇಕು. ಯೂನಿಕೋಡ್‌ನಲ್ಲಿ ಕನ್ನಡಕ್ಕೆ 1991ರಲ್ಲಿಯೇ ಜಾಗ ದೊರೆತಿತ್ತು. ಆದರೂ ಬಹುಕಾಲ ನಾವು ಬರೆದದ್ದು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿದ ಫಾಂಟ್‌ಗಳಿಂದ. ಕನ್ನಡ ಗಣಕ ಪರಿಷತ್ತಿನ ನುಡಿ ಅವುಗಳಲ್ಲಿ ಹೆಚ್ಚು ಬಳಕೆಯಾದದ್ದು. ಅದರಲ್ಲಿ 'ಕೋಲಾರ' ಎಂಬ ಪದಕ್ಕೆ ಎಂಟು ತುಂಡು: ಕಕಾರದ ಒಡಲು, ಎತ್ವ, ಕೊಂಬಿನ ಇಳಿ, ದೀರ್ಘ, ಲಕಾರ, ಇಳಿ, ರಕಾರದ ಒಡಲು, ತಲೆಕಟ್ಟು. ಮಕ್ಕಳು ಕಾಗುಣಿತ ಒಪ್ಪಿಸುವ ಕ್ರಮವೇ ಸರಿ!

ನ್ಯಾಯವಾಗಿ ಹೇಳಬೇಕೆಂದರೆ ನಕ್ಷೆಯ ಮಟ್ಟಿಗೆ ಈ ಉಪಾಯ ಕೆಲಸ ಮಾಡಿತು. ಜೋಡಣೆ ಗೊತ್ತಿಲ್ಲದ ತಂತ್ರಾಂಶಕ್ಕೂ ನುಡಿ ಫಾಂಟನ್ನು ಕೊಟ್ಟರೆ 'ಕೋಲಾರ' ಸರಿಯಾಗಿಯೇ ಬರುತ್ತಿತ್ತು; ಏಕೆಂದರೆ ಜೋಡಣೆಯನ್ನು ಕೀಲಿ ಒತ್ತುವಾಗಲೇ ಮುಗಿಸಲಾಗಿತ್ತು. ಆದರೆ ಬೆಲೆ ತೆರಬೇಕಾಯಿತು. ಕಕಾರದ ಒಡಲು ಕುಳಿತಿದ್ದುದು ಇಂಗ್ಲಿಷಿನ ದೊಡ್ಡ 'ಪಿ' ಜಾಗದಲ್ಲಿ, ರಕಾರದ ಒಡಲು ಸಣ್ಣ 'ಜಿ' ಜಾಗದಲ್ಲಿ. ಆದ್ದರಿಂದ ಅದೇ ಫಾಂಟಿನಲ್ಲಿ ಮಿಲಿಗ್ರಾಂ ಮಾನದ ಇಂಗ್ಲಿಷ್ ಸಂಕ್ಷೇಪ ಬರೆದರೆ 'ಜಿ' ಹೋಗಿ ತಲೆಕಟ್ಟಿಲ್ಲದ ರಕಾರ ಬರುತ್ತಿತ್ತು. ಕಡತ ಬೇರೆ ಗಣಕಕ್ಕೆ ಹೋಗಿ ಅಲ್ಲಿ ಆ ಫಾಂಟ್ ಇಲ್ಲದಿದ್ದರೆ ಕೋಲಾರ ಎಂಬುದು 'ಪಿ'ಯಿಂದ ಆರಂಭವಾಗುವ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತಿತ್ತು. ನನ್ನ ವಿದ್ಯಾರ್ಥಿಗಳು 2000ದ ದಶಕದಲ್ಲಿ ಸಿದ್ಧಪಡಿಸಿದ ವರದಿಗಳ ಪೈಕಿ ಕೆಲವನ್ನು ಈಗ ತೆರೆದರೆ ಸಂಖ್ಯೆಗಳು ಸರಿಯಾಗಿವೆ, ಹೆಸರುಗಳೆಲ್ಲ ಹಾಳಾಗಿವೆ. ಯಾವ ಕೆರೆಯ ನೀರು, ಯಾವ ವರ್ಷದ ಮಳೆ ಎಂಬುದನ್ನು ಪರಿವರ್ತಕ ತಂತ್ರಾಂಶದ ಮೂಲಕ ಬಿಡಿಸಿ ತೆಗೆಯಬೇಕು.

ಹರ್ಷಿ ಅಕ್ಷರಗಳಿಗೆ ಆಸರೆ ಕೊಡಿ ಎಂದು ಕೇಳುವ ನಾವು ನಮ್ಮ ಶಾಲೆಗಳ ಇಂಥ ಕಡತಗಳಿಗೂ ಅದನ್ನೇ ಮಾಡಬೇಕಲ್ಲವೇ?

ನಾಲ್ಕು ಊರುಗಳ ಪರೀಕ್ಷೆ

ಆ ಪಂಚಾಯಿತಿಯ ಪ್ರಶ್ನೆಯ ನಂತರ ನಾನು ಒಂದು ಸರಳ ಪರೀಕ್ಷೆ ಇಟ್ಟುಕೊಂಡೆ. ಯಾವುದೇ ನಕ್ಷೆಯ ತಂತ್ರಾಂಶಕ್ಕೆ ನಾಲ್ಕು ಹೆಸರು ಕೊಡುವುದು. 'ಕೋಲಾರ': ಐದು ಸಂಕೇತ, ಮೂರು ಅಕ್ಷರ, ಓತ್ವದ ದೀರ್ಘ ಒಂದೇ ಸಂಕೇತವಾದರೂ ಮೂರು ತುಂಡಾಗಿ ಒಡೆದು ಕೂರಬೇಕು. 'ಮಾಲೂರು': ಆರು ಸಂಕೇತ, ಮೂರು ಅಕ್ಷರ, ಇಳಿ, ಕೊಂಬುಗಳು ಒಡಲಿಗೆ ಅಂಟಬೇಕು. 'ಮುಳಬಾಗಿಲು': ಒಂಬತ್ತು ಸಂಕೇತ, ಐದು ಅಕ್ಷರ, ಗಕಾರದ ತಲೆಕಟ್ಟು ಹೋಗಿ ಗುಡಿಸು ಬರಬೇಕು. 'ಶ್ರೀನಿವಾಸಪುರ': ಹನ್ನೆರಡು ಸಂಕೇತ, ಆರು ಅಕ್ಷರ, ರಕಾರ ಒತ್ತಾಗಿ ಕೆಳಗಿಳಿಯಬೇಕು, ದೀರ್ಘ ಶಕಾರಕ್ಕೆ ಸೇರಬೇಕು. ಬೇಕಾದರೆ ಐದನೆಯದಾಗಿ 'ವರ್ಷ'.

ಗ್ನೂಪ್ಲಾಟ್: ಕೈರೋ ಎಂಬ ಹೆಸರಿರುವ ಅದರ ಹೊರಹರಿವಿನ ಬಗೆಗಳನ್ನು ಆರಿಸಿ, ಯುಟಿಎಫ್-8 ಎಂದು ಹೇಳಿ, ಕನ್ನಡ ಫಾಂಟ್ ಕೊಟ್ಟರೆ ಐದೂ ಪದ ಸರಿ. ಇವು ಅಕ್ಷರದ ಕೆಲಸವನ್ನು ಪ್ಯಾಂಗೊ ಎಂಬ ತಂತ್ರಾಂಶಕ್ಕೆ ಒಪ್ಪಿಸುತ್ತವೆ; ಅದರೊಳಗೆ ಹಾರ್ಫ್‌ಬಜ್ ಇದೆ. ಉಚಿತ, ಹಳೆಯ ಗಣಕದಲ್ಲೂ ಓಡುತ್ತದೆ. ಶಾಲೆಗಳಿಗೆ ನನ್ನ ಮೊದಲ ಶಿಫಾರಸು ಇದೇ.

ಪಿಎಲ್‌ಪ್ಲಾಟ್: ಹರ್ಷಿ ಅಕ್ಷರ ಮತ್ತು ಯೂನಿಕೋಡ್ ಎರಡನ್ನೂ ಇಟ್ಟುಕೊಂಡ ತಂತ್ರಾಂಶ. ಇಲ್ಲೂ ಕೈರೋ ಬಗೆಗಳಲ್ಲಿ ಕನ್ನಡ ಸರಿಯಾಗಿ ಬರುತ್ತದೆ. ಇದರ ಜೊತೆ ಬರುವ 24ನೆಯ ಮಾದರಿ ಚಿತ್ರದಲ್ಲಿ 'ಶಾಂತಿ' ಎಂಬ ಪದವನ್ನು ಹಲವು ಭಾಷೆಗಳಲ್ಲಿ ಬರೆದು ತೋರಿಸಿದ್ದಾರೆ. ಅವುಗಳಲ್ಲಿ ಹಿಂದಿಯೂ ಒಂದು. ಹಳೆಯದನ್ನು ಬಿಡದೆ ಹೊಸದಕ್ಕೆ ಜಾಗ ಮಾಡುವುದು ಸಾಧ್ಯ ಎಂಬುದಕ್ಕೆ ಇದು ಸಾಕ್ಷಿ.

ಆರ್: ಸಂಖ್ಯಾಶಾಸ್ತ್ರದ ಈ ತಂತ್ರಾಂಶದಲ್ಲೂ ಹರ್ಷಿ ಅಕ್ಷರಗಳಿವೆ, ಜಪಾನಿಯವೂ ಸೇರಿ. ಅವುಗಳಿಂದ ಕನ್ನಡಕ್ಕೆ ಪ್ರಯೋಜನವಿಲ್ಲ. ಅದರ ಸಾಮಾನ್ಯ ಪಿಡಿಎಫ್ ಬಗೆಯನ್ನು ಬಿಟ್ಟು ಕೈರೋ ಪಿಡಿಎಫ್ ಬಗೆಯನ್ನು ಆರಿಸಿಕೊಳ್ಳಿ.

ಮ್ಯಾಟ್‌ಪ್ಲಾಟ್‌ಲಿಬ್: ಪೈಥಾನ್ ಕಲಿಯುವವರೆಲ್ಲ ಬಳಸುವುದು ಇದನ್ನು, ನಮ್ಮ ಮಕ್ಕಳ ನಕ್ಷೆ ಹಾಳಾದದ್ದೂ ಇದರಲ್ಲೇ. ಅದರ ಮೂಲ ಫಾಂಟಿನಲ್ಲಿ ಕನ್ನಡವಿಲ್ಲ, ಆದ್ದರಿಂದ ಚೌಕಗಳು. ಕನ್ನಡ ಫಾಂಟ್ ಕೊಟ್ಟರೂ ಬಹುಕಾಲದಿಂದ ಬಂದ ಆವೃತ್ತಿಗಳು ಜೋಡಣೆಯ ಹೆಜ್ಜೆ ಇಲ್ಲದೆ ಸಂಕೇತಗಳನ್ನು ಸಾಲಾಗಿ ನಿಲ್ಲಿಸುತ್ತಿದ್ದವು. ನಿಮ್ಮಲ್ಲಿರುವ ಆವೃತ್ತಿಯನ್ನು ನಾಲ್ಕು ಹೆಸರು ಕೊಟ್ಟು ಪರೀಕ್ಷಿಸಿ. ಎಡವಿದರೆ ಎರಡು ದಾರಿಗಳಿವೆ. ಎಸ್‌ವಿಜಿ ರೂಪದಲ್ಲಿ ಉಳಿಸುವಾಗ ಅಕ್ಷರಗಳನ್ನು ಆಕಾರವಾಗಿಸದೆ ಅಕ್ಷರವಾಗಿಯೇ ಇಡುವಂತೆ ಸೂಚಿಸಿ, ಜೋಡಣೆಯನ್ನು ಬ್ರೌಸರ್‌ಗೆ ಬಿಡುವುದು ಒಂದು. ಎಂಪಿಎಲ್‌ಕೈರೋ ಎಂಬ ಪೂರಕ ತಂತ್ರಾಂಶ ಸೇರಿಸಿಕೊಳ್ಳುವುದು ಇನ್ನೊಂದು. ಇಷ್ಟು ಜನಪ್ರಿಯವಾದ ತಂತ್ರಾಂಶದಲ್ಲಿ ಪ್ರೌಢಶಾಲೆಯ ಮಗು ತನ್ನ ಊರಿನ ಹೆಸರು ಬರೆಯಲು ಹೀಗೆ ಸುತ್ತಬೇಕಾಗಿ ಬಂದದ್ದು ಸಣ್ಣ ಕೊರತೆಯಲ್ಲ.

ಓಪನ್‌ಸಿವಿ: ಚಿತ್ರ ಸಂಸ್ಕರಣೆಯ ಈ ತಂತ್ರಾಂಶದಲ್ಲಿ ಚಿತ್ರದ ಮೇಲೆ ಬರೆಯುವ ಆದೇಶಕ್ಕೆ ಹರ್ಷಿಯ ಹೆಸರಿನ ಫಾಂಟ್‌ಗಳನ್ನು ಇಂಜಿನಿಯರಿಂಗ್ ವಿದ್ಯಾರ್ಥಿಗಳು ದಿನವೂ ಬಳಸುತ್ತಾರೆ. ಅವುಗಳಲ್ಲಿ 'ಕೋಲಾರ' ಎಂದು ಬರೆಸಿದರೆ ಬರುವುದು ಪ್ರಶ್ನಾರ್ಥಕ ಚಿಹ್ನೆಗಳು. ಅರವತ್ತರ ದಶಕದ ಪಟ್ಟಿ ತನ್ನ ಮಿತಿಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡಿತು ಎನ್ನಬಹುದು!

ಹಾಗಾದರೆ ಏನು ಮಾಡಬೇಕು?

ವಿಜ್ಞಾನದ ಭಾಷೆ ಇಂಗ್ಲಿಷ್ ತಾನೆ, ಮಕ್ಕಳು ಮೊದಲಿನಿಂದಲೇ ಇಂಗ್ಲಿಷಿನಲ್ಲಿ ಬರೆಯಲಿ ಎನ್ನುವ ಸಹೋದ್ಯೋಗಿಗಳು ನನಗಿದ್ದಾರೆ. ಸಂಶೋಧನಾ ಪತ್ರಿಕೆಗೆ ಅದು ಸರಿ. ಆದರೆ ನೀರಿನ ನಕ್ಷೆ ಸಂಶೋಧನಾ ಪತ್ರಿಕೆಗಲ್ಲ. ಅದನ್ನು ಓದಬೇಕಾದವರು ಆ ನೀರು ಕುಡಿಯುವವರು. ಓದುವವರು ಯಾರು ಎಂಬುದನ್ನು ನೋಡಿ ಅಕ್ಷದ ಭಾಷೆಯನ್ನು ಆರಿಸುವುದು ಕೂಡ ವೈಜ್ಞಾನಿಕ ಮನೋಭಾವವೇ.

ನನ್ನ ತೀರ್ಮಾನ ಹೀಗಿದೆ. ಹಳೆಯ ವೆಕ್ಟರ್ ಫಾಂಟ್‌ಗಳನ್ನೂ ಅವುಗಳ ಸೂಚನೆಗಳನ್ನೂ ತಂತ್ರಾಂಶಗಳು ಓದುತ್ತಿರಬೇಕು. ಹಳೆಯ ನಕ್ಷೆ ಹಳೆಯದರಂತೆಯೇ ಬರಬೇಕು. ಆದರೆ ಹೊಸ ನಕ್ಷೆಗೆ ಅವು ಮೂಲ ಫಾಂಟ್ ಆಗಿರಬಾರದು. ಒಂದು ಸಂಕೇತಕ್ಕೆ ಒಂದು ಆಕಾರ ಎಂಬ ಊಹೆಯನ್ನು ಕಿತ್ತು ಆ ಜಾಗದಲ್ಲಿ ಜೋಡಣೆಯ ಹೆಜ್ಜೆಯನ್ನು ಇಡಬೇಕು. ಹರ್ಷಿ ಅಕ್ಷರದ ಒಳ್ಳೆಯ ಗುಣವನ್ನೂ ನಾವು ಕಳೆದುಕೊಳ್ಳಬೇಕಾಗಿಲ್ಲ. ಮೊದಲು ಜೋಡಿಸಿ, ಆಮೇಲೆ ಆಕಾರವಾಗಿಸಿ ಉಳಿಸಿದರೆ ಕನ್ನಡದ ನಕ್ಷೆಯೂ ಯಾವ ಗಣಕದಲ್ಲಾದರೂ, ಫಾಂಟ್ ಇಲ್ಲದಿದ್ದರೂ, ಒಂದೇ ರೀತಿ ಕಾಣುತ್ತದೆ. ಆದರೆ ಆಕಾರವಾದ ಅಕ್ಷರವನ್ನು ಹುಡುಕಲಾಗದು; ಅಂಧ ವಿದ್ಯಾರ್ಥಿಯ ಗಣಕ ಅದನ್ನು ಓದಿ ಹೇಳಲಾರದು. ಆದ್ದರಿಂದ ಅಂಕಿಗಳನ್ನೂ ಹೆಸರುಗಳನ್ನೂ ಯೂನಿಕೋಡ್ ಪಠ್ಯವಾಗಿ ಜೊತೆಗೆ ಉಳಿಸಲೇಬೇಕು.

ಅಧ್ಯಾಪಕರಲ್ಲಿ ನನ್ನ ವಿನಂತಿ ಮೂರು. ನಿಮ್ಮ ಶಾಲೆಯ ಗಣಕದಲ್ಲಿರುವ ಹಳೆಯ ನುಡಿ ಕಡತಗಳನ್ನು ಯೂನಿಕೋಡ್‌ಗೆ ಬದಲಾಯಿಸಿ, ಮೂಲವನ್ನೂ ಅಳಿಸದೆ ಇಡಿ. ಹೊಸ ತಂತ್ರಾಂಶ ಬಂದಾಗ ನಿಮ್ಮ ಊರಿನ ಹೆಸರನ್ನು ಕೊಟ್ಟು ಪರೀಕ್ಷಿಸಿ. ತಪ್ಪಿದರೆ ಅದನ್ನು ಸಿದ್ಧಪಡಿಸುವವರಿಗೆ ಚಿತ್ರಸಹಿತ ಬರೆಯಿರಿ. ಮುಕ್ತ ತಂತ್ರಾಂಶದವರು ಇಂಥ ದೂರನ್ನು ಕಡೆಗಣಿಸುವುದಿಲ್ಲ, ಆದರೆ ದೂರು ಕೊಡದವರ ಕಷ್ಟ ಅವರಿಗೆ ತಿಳಿಯದು. ಮೂರನೆಯದಾಗಿ, ಒಂದು ದಿನ ತರಗತಿಯಲ್ಲಿ ನಕ್ಷಾಹಾಳೆ ಹಂಚಿ 'ರ' ಅಕ್ಷರವನ್ನು ಪೂರ್ಣಾಂಕ ನಿರ್ದೇಶಾಂಕಗಳ ಗೆರೆಗಳಿಂದ ಬರೆಸಿ. ಎಷ್ಟು ಗೆರೆ ಬೇಕಾಯಿತು? ಅದರ ಪಕ್ಕದಲ್ಲಿ 'ರಿ' ಮತ್ತು 'ರ್ಷ' ಬರೆಸಿ. ಮೊದಲು ಬರೆದ ಗೆರೆಗಳಲ್ಲಿ ಎಷ್ಟು ಉಳಿದವು, ಎಷ್ಟು ಹೋದವು ಎಂದು ಮಕ್ಕಳೇ ಲೆಕ್ಕ ಹಾಕಲಿ. ಈ ಬರಹದಲ್ಲಿ ನಾನು ಹೇಳಿದ್ದೆಲ್ಲ ಆ ಒಂದು ಹಾಳೆಯಲ್ಲಿ ಅವರಿಗೆ ಕಾಣುತ್ತದೆ.

ಆ ಪಂಚಾಯಿತಿಯ ನಕ್ಷೆಯನ್ನು ನಾವು ಮಾರನೆಯ ವಾರ ಗ್ನೂಪ್ಲಾಟ್‌ನಿಂದ ಮತ್ತೆ ಬರೆಸಿದೆವು. ಕಂಬಗಳ ಎತ್ತರ ಒಂದಿಷ್ಟೂ ಬದಲಾಗಲಿಲ್ಲ. ಕೆಳಗೆ ನಾಲ್ಕು ಊರಿನ ಹೆಸರು, ಪಕ್ಕದಲ್ಲಿ 'ಫ್ಲೋರೈಡ್, ಲೀಟರಿಗೆ ಮಿಲಿಗ್ರಾಂ' ಎಂದು ಕನ್ನಡದಲ್ಲಿತ್ತು, 1.5ರ ಮಟ್ಟದಲ್ಲಿ ಒಂದು ಅಡ್ಡಗೆರೆ. ಈ ಸಲ ಯಾರೂ 'ನಮ್ದು ಯಾವ್ದು' ಎಂದು ಕೇಳಲಿಲ್ಲ. ಗೆರೆಯನ್ನು ದಾಟಿದ ಕಂಬದ ಮೇಲೆ ಬೆರಳಿಟ್ಟು, ಬೇರೆ ನೀರು ಯಾವಾಗ ಕೊಡುತ್ತೀರಿ ಎಂದು ಪಂಚಾಯಿತಿಯವರನ್ನು ಕೇಳಿದರು.